ಪುಟ್ಟ ಮಕ್ಕಳ ವಿಶೇಷ ಶಿಕ್ಷಕಿ ಆಗಬೇಕು, ಕೊಡಗಿನಲ್ಲೇ ಇರಬೇಕು: ಆಗುತ್ತಾ?

ಪ್ರಶ್ನೆ: ನಾನು ನಾಪೋಕ್ಲು ಹತ್ತಿರದವಳು. ವಯಸ್ಸು 24, ಬಿ.ಎ. ಆಗಿದೆ. ಎರಡು ವರ್ಷದಿಂದ ಒಂದು ಚಿಕ್ಕ ನರ್ಸರಿಯಲ್ಲಿ ಸಹಾಯಕಿಯಾಗಿದ್ದೇನೆ. ಅಲ್ಲಿಗೆ ಮೂರೂವರೆ ವರ್ಷದ ಒಬ್ಬ ಹುಡುಗ ಬರುತ್ತಾನೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಮಾತು ಇನ್ನೂ ಬಂದಿಲ್ಲ. ನೀರಿನ ಬಾಟಲಿಯ ಮುಚ್ಚಳವನ್ನು ನೆಲದ ಮೇಲೆ ಬುಗುರಿ ಥರ ತಿರುಗಿಸುತ್ತಾ ಗಂಟೆಗಟ್ಟಲೆ ಕೂರುತ್ತಾನೆ. ಬೇರೆ ಯಾರ ಹತ್ತಿರವೂ ಹೋಗದವನು ನನ್ನ ಪಕ್ಕ ಬಂದು ಕೂರುತ್ತಾನೆ. ಅವನನ್ನು ನೋಡಿದ ಮೇಲೆ ಇಂಥ ಪುಟ್ಟ ಮಕ್ಕಳ ವಿಶೇಷ ಶಿಕ್ಷಕಿ ಆಗಬೇಕು ಅನಿಸಿದೆ. ಯಾವ ಕೋರ್ಸ್ ಮಾಡಬೇಕು? ಕೊಡಗಿನಲ್ಲೇ ಕೆಲಸ ಸಿಗುತ್ತಾ? ಅಮ್ಮ ಹೇಳುತ್ತಾರೆ, 'ಪುಣ್ಯದ ಕೆಲಸ ಹೌದು, ಹೊಟ್ಟೆ ತುಂಬುವ ಕೆಲಸ ಅಲ್ಲ' ಅಂತ. ನಿಜವಾ?

ಉತ್ತರ: ಕೋರ್ಸ್ ಬಗ್ಗೆ ಕೇಳಿದ್ದೀರಿ, ಆದರೆ ನಿಮ್ಮ ಅರ್ಧ ಪತ್ರ ಆ ಹುಡುಗನ ಬಗ್ಗೆ ಇದೆ. ಮುಚ್ಚಳವನ್ನು ಹೇಗೆ ತಿರುಗಿಸುತ್ತಾನೆ ಅಂತ ಕೂಡ ಬರೆದಿದ್ದೀರಿ. ಓದಿ ನನಗೆ ತುಂಬಾ ಖುಷಿಯಾಯಿತು. ಈ ಕೆಲಸಕ್ಕೆ ಮೊದಲು ಬೇಕಾದದ್ದು ಹಾಗೆ ನೋಡುವ ಕಣ್ಣು. ಅವನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಕೋರ್ಸಿಗಿಂತ ಅದೇ ಅವಸರದ್ದು, ಹಾಗಾಗಿ ಬೇರೆ ಏನು ಓದದಿದ್ದರೂ ಅದನ್ನು ಓದಿ.

ಇಪ್ಪತ್ತೆರಡು ವರ್ಷದಿಂದ ನಾನು ಕೊಡಗಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ವರ್ಷ ಶಾಲೆಯಲ್ಲಿದ್ದೆ. ಜಾಸ್ತಿ ವರ್ಷ ಮನೆ ಮನೆಗೆ ಹೋಗಿ ಕಲಿಸಿದೆ. 'ಸ್ಪೆಷಲ್ ಟೀಚರ್' ಅಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಬಣ್ಣ ಬಣ್ಣದ ಗೋಡೆ, ಪಜಲ್, ಚೆಂಡು ಇರುವ ಒಂದು ಕೋಣೆ. ಅದೂ ಇದೆ. ಆದರೆ ಆರು ವರ್ಷದೊಳಗಿನ ಮಕ್ಕಳ ಜೊತೆ ಕೆಲಸ ಅಂದರೆ ಮುಖ್ಯವಾಗಿ ಮನೆಯವರ ಜೊತೆಗಿನ ಕೆಲಸ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು.

ಒಂದು ಮಗುವಿನ ಕಥೆ ಹೇಳುತ್ತೇನೆ. ಸಿದ್ದಾಪುರ ಕಡೆ ಒಂದು ಕಾಫಿ ತೋಟದ ಲೈನ್ ಮನೆ. ಮೂರು ವರ್ಷದ ಹುಡುಗಿ, ಡೌನ್ ಸಿಂಡ್ರೋಮ್. ಅಪ್ಪ ಅಮ್ಮ ಬೆಳಿಗ್ಗೆ ಏಳೂವರೆಗೆ ತೋಟಕ್ಕೆ ಹೋದರೆ ಮನೆಯಲ್ಲಿ ಅಜ್ಜಿ ಮತ್ತು ಮಗು ಇಬ್ಬರೇ. ನಾನು ಚಿತ್ರದ ಕಾರ್ಡು, ಬಣ್ಣದ ಉಂಗುರ, ಎಲ್ಲಾ ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಅಜ್ಜಿ ಅದನ್ನೆಲ್ಲ ನೋಡಿ ಒಂದೇ ಮಾತು ಹೇಳಿದರು: 'ಇದು ಚಡ್ಡಿ ಹಾಕ್ಕೊಳ್ಳೋಕೆ ಕಲಿತರೆ ಸಾಕಮ್ಮ. ನನ್ನ ಸೊಂಟ ಬಗ್ಗಲ್ಲ.'

ನಾನು ಚೀಲ ಪಕ್ಕಕ್ಕಿಟ್ಟೆ. ಚಡ್ಡಿ ಹಾಕಿಕೊಳ್ಳುವುದು ನಮಗೆ ಒಂದು ಕೆಲಸ. ಆ ಮಗುವಿಗೆ ಅದು ಎಂಟು ಹತ್ತು ಕೆಲಸ. ಚಡ್ಡಿಯನ್ನು ಸರಿಯಾಗಿ ಹಿಡಿಯಬೇಕು, ಕೂರಬೇಕು, ಒಂದು ಕಾಲು ತೂರಿಸಬೇಕು, ಇನ್ನೊಂದು ಕಾಲು ತೂರಿಸಬೇಕು, ಎದ್ದು ನಿಲ್ಲಬೇಕು, ಮಂಡಿಯಿಂದ ಮೇಲೆ ಎಳೆಯಬೇಕು, ಹಿಂದುಗಡೆ ಸಿಕ್ಕಿಕೊಂಡದ್ದನ್ನು ಬಿಡಿಸಬೇಕು, ಸೊಂಟಕ್ಕೆ ತರಬೇಕು. ನಾವು ಕೊನೆಯಿಂದ ಶುರು ಮಾಡಿದೆವು. ಎಲ್ಲಾ ನಾವೇ ಮಾಡಿ, ಸೊಂಟಕ್ಕೆ ಎರಡು ಇಂಚು ಇರುವಾಗ ಬಿಟ್ಟುಬಿಡುವುದು. ಆ ಎರಡು ಇಂಚು ಮಾತ್ರ ಅವಳು ಎಳೆಯಬೇಕು. ಎಳೆದ ಕೂಡಲೇ ಕೆಲಸ ಮುಗಿಯಿತು, ಅಜ್ಜಿ ಚಪ್ಪಾಳೆ ತಟ್ಟುತ್ತಾರೆ. ಮುಗಿಸಿದ ಖುಷಿ ಅವಳದ್ದಾಗುತ್ತದೆ. ಮೊದಲ ಹೆಜ್ಜೆಯಿಂದ ಶುರು ಮಾಡಿದರೆ ಮಗು ಅರ್ಧದಲ್ಲೇ ಸೋತು ಅಳುತ್ತದೆ. ಕೊನೆಯ ಹೆಜ್ಜೆಯಿಂದ ಶುರು ಮಾಡಿದರೆ ದಿನವೂ ಗೆಲ್ಲುತ್ತದೆ. ಎರಡು ಇಂಚು ಬಂದ ಮೇಲೆ ತೊಡೆಯಿಂದ, ಆಮೇಲೆ ಮಂಡಿಯಿಂದ. ಮೂರು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು.

ನಾನು ಹೋಗುತ್ತಿದ್ದದ್ದು ಗುರುವಾರ ಮಾತ್ರ, ಅದೂ ಒಂದು ಗಂಟೆ. ವಾರಕ್ಕೆ 168 ಗಂಟೆ. ಉಳಿದ 167 ಗಂಟೆ ಮಗು ಅಜ್ಜಿಯ ಕೈಯಲ್ಲಿ. ದಿನಕ್ಕೆ ನಾಲ್ಕೈದು ಸಲ ಆ ಎರಡು ಇಂಚು ಬಿಟ್ಟುಕೊಟ್ಟು ಕಾದವರು ಅವರು. ಅಜ್ಜಿಗೆ ಅವಸರವಿದ್ದಾಗಲೂ ತಾವೇ ಎಳೆದುಬಿಡದೆ ಕಾಯಬೇಕು ಅನ್ನುವುದನ್ನು ಅವರಿಗೆ ಮನದಟ್ಟು ಮಾಡಿಸಿದ್ದು, ಗುರುವಾರದ ನನ್ನ ಕೆಲಸ ಅಷ್ಟೇ. ಕೋರ್ಸಿನಲ್ಲಿ ಹೆಜ್ಜೆಗಳಾಗಿ ಒಡೆಯುವುದನ್ನು ಚೆನ್ನಾಗಿ ಕಲಿಸುತ್ತಾರೆ. ಅಜ್ಜಿಯ ಜೊತೆ ಚಾಪೆ ಮೇಲೆ ಕೂತು ಮಾತಾಡುವುದನ್ನು ನೀವೇ ಕಲಿಯಬೇಕು.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಅನ್ನುವ ಊರಿನಲ್ಲಿ ಇಂಥ ಕ್ರಮ ಶುರುವಾಯಿತು. ಅದೂ ಹಳ್ಳಿಗಾಡು, ಮನೆಗಳು ದೂರ ದೂರ, ಚಿಕ್ಕ ಮಕ್ಕಳನ್ನು ದಿನಾ ಕೇಂದ್ರಕ್ಕೆ ಕರೆತರುವುದು ಆಗದ ಮಾತು. ಹಾಗಾಗಿ ಶಿಕ್ಷಕರೇ ವಾರಕ್ಕೊಮ್ಮೆ ಮನೆಗೆ ಹೋಗಿ ತಾಯಿಗೆ ಹೇಳಿಕೊಟ್ಟು ಬರತೊಡಗಿದರು. ನಮ್ಮ ಹತ್ತಿರದಲ್ಲೇ ಚೆನ್ನೈನ ಮಧುರಂ ನಾರಾಯಣನ್ ಕೇಂದ್ರದವರು 'ಉಪನಯನ' ಅನ್ನುವ ಕ್ರಮ ಮಾಡಿದ್ದಾರೆ. ಹುಟ್ಟಿನಿಂದ ಎರಡು ವರ್ಷದವರೆಗಿನ ಮಕ್ಕಳಿಗೆ ಐದು ವಿಭಾಗಗಳಲ್ಲಿ ಒಟ್ಟು 250 ಕೌಶಲಗಳು. ಅದೂ ನಿಂತಿರುವುದು ತಾಯಿಯ ಮೇಲೆ. ಕೊಡಗಿನ ನಕ್ಷೆ ನೋಡಿದರೆ ನಮಗೆ ಯಾವ ದಾರಿ ಸರಿ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಬಸ್ ಇಳಿದ ಮೇಲೆ ತೋಟದೊಳಗೆ ಎರಡು ಕಿಲೋಮೀಟರ್ ನಡೆಯಬೇಕು. ಆನೆ ಇದೆ ಅಂದರೆ ಅವತ್ತು ಹೋಗುವ ಹಾಗಿಲ್ಲ. ಆ ದಾರಿಯಲ್ಲಿ ಮೂರು ವರ್ಷದ ಮಗುವನ್ನು ಎತ್ತಿಕೊಂಡು ತಾಯಿ ವಾರಕ್ಕೆ ಮೂರು ಸಲ ಮಡಿಕೇರಿಗೆ ಥೆರಪಿಗೆ ಬರಲಿ ಅಂತ ನಾವು ಹೇಗೆ ಹೇಳುವುದು?

ಇಲ್ಲಿನ ಇನ್ನೊಂದು ವಿಶೇಷ ಭಾಷೆ. ಒಂದೇ ರಸ್ತೆಯಲ್ಲಿ ಕೊಡವ ತಕ್ಕ್ ಮಾತಾಡುವ ಮನೆ, ಅರೆಭಾಷೆ ಮಾತಾಡುವ ಮನೆ, ಮಲಯಾಳ, ತುಳು, ಬ್ಯಾರಿ, ಎರವ ಭಾಷೆ. ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರೂ ಇದ್ದಾರೆ. ಮಗುವಿಗೆ ಮಾತು ತಡವಾದರೆ ಎಲ್ಲರೂ ಕೊಡುವ ಮೊದಲ ಸಲಹೆ, 'ಮನೆಯಲ್ಲಿ ಎರಡು ಮೂರು ಭಾಷೆ ಇದೆಯಲ್ಲ, ಅದಕ್ಕೇ ಗೊಂದಲ. ಬರೀ ಕನ್ನಡ ಇಲ್ಲಾ ಇಂಗ್ಲಿಷ್ ಮಾತಾಡಿ' ಅಂತ. ಇದು ತಪ್ಪು. ಎರಡು ಭಾಷೆ ಕೇಳಿ ಬೆಳೆದದ್ದರಿಂದ ಮಗುವಿಗೆ ಮಾತಿನ ತೊಂದರೆ ಬರುವುದಿಲ್ಲ. ತೊಂದರೆ ಇರುವ ಮಗುವಿಗೆ ಒಂದು ಭಾಷೆ ಕಿತ್ತುಕೊಂಡರೆ ಅದು ಹೋಗುವುದೂ ಇಲ್ಲ. ಅಜ್ಜಿಗೆ ಬರುವುದು ಅರೆಭಾಷೆ ಮಾತ್ರ ಅಂತಿಟ್ಟುಕೊಳ್ಳಿ. ಅದನ್ನು ನಿಲ್ಲಿಸಿ ಅಂದರೆ ಅಜ್ಜಿ ಮಗುವಿನ ಜೊತೆ ಮಾತಾಡುವುದನ್ನೇ ನಿಲ್ಲಿಸುತ್ತಾರೆ. ಮಾತು ಜಾಸ್ತಿ ಬೇಕಾದ ಮಗುವಿಗೆ ಮನೆಯ ಮಾತೇ ಕಡಿಮೆ ಆಗುತ್ತದೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿ ಸಂಕಟಪಟ್ಟಿದ್ದೇನೆ. ನೀವು ಕೊಡಗಿನವರು, ನಾಲ್ಕು ಭಾಷೆ ಕಿವಿಗೆ ಬಿದ್ದು ಬೆಳೆದವರು. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬಂದವರಿಗೆ ಇಲ್ಲದ ದೊಡ್ಡ ಆಸ್ತಿ ಅದು. ನೀರಿಗೆ, ಅನ್ನಕ್ಕೆ, 'ಬಾ' ಅನ್ನುವುದಕ್ಕೆ, 'ಸಾಕು' ಅನ್ನುವುದಕ್ಕೆ ಆಯಾ ಮನೆಯ ಮಾತೇ ಬಳಸಿ. ಗೊತ್ತಿಲ್ಲದಿದ್ದರೆ ಮನೆಯವರನ್ನು ಕೇಳಿ ಬರೆದುಕೊಳ್ಳಿ.

ಮಳೆಯ ಬಗ್ಗೆಯೂ ಹೇಳಬೇಕು. ಸುಮ್ನೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಿವಿ ಕೇಳದ ಮಕ್ಕಳ ಪಾಠ ಅರ್ಧಕ್ಕೆ ನಿಂತುಬಿಡುತ್ತದೆ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ನಮಗೇ ಪಕ್ಕದವರ ಮಾತು ಕೇಳುವುದಿಲ್ಲ, ಅಲ್ವಾ? ಹಿಯರಿಂಗ್ ಏಡ್ ಆ ಶಬ್ದವನ್ನೂ ದೊಡ್ಡದು ಮಾಡಿ ಮಗುವಿನ ಕಿವಿಗೆ ತುಂಬುತ್ತದೆ. ಮಗು ಕಿತ್ತು ಎಸೆಯುತ್ತದೆ. 'ಮಿಷಿನ್ ಆಗಲ್ಲ ಇವನಿಗೆ' ಅಂತ ಮನೆಯವರು ಡಬ್ಬಿಯಲ್ಲಿ ಎತ್ತಿಡುತ್ತಾರೆ. ನಾಲ್ಕು ತಿಂಗಳಾದ ಮೇಲೆ ತೆಗೆದರೆ ತೇವ ಹಿಡಿದು ಹಾಳಾಗಿರುತ್ತದೆ. ಇದಕ್ಕೆ ದೊಡ್ಡ ಉಪಾಯವೇನೂ ಬೇಡ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮಗುವಿನ ಕೈಗೆ ಸಿಗದ ಜಾಗದಲ್ಲಿ ಇಡಬೇಕು. ಜೋರು ಮಳೆ ಬರುವಾಗ ಮಾಡು ಗಟ್ಟಿಯಿರುವ ಒಳಕೋಣೆಗೆ ಹೋಗಿ, ಮಗುವಿಗೆ ಮುಖ ಕಾಣುವ ಹಾಗೆ ಹತ್ತಿರ ಕೂತು ಮಾತಾಡಬೇಕು. ಹೇಳಿಕೊಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷಕ್ಕೆ ಯಾರೂ ಮನೆಗೆ ಹೋಗದ ಕಾರಣ ಮಕ್ಕಳ ವರ್ಷಗಳೇ ಹೋಗಿವೆ.

ಹರಕೆಯ ವಿಷಯವೂ ಬರುತ್ತದೆ. ನಿಮ್ಮ ಊರಿನವರು ಪಾಡಿ ಇಗ್ಗುತಪ್ಪನಿಗೋ ತಲಕಾವೇರಿಗೋ ಹೇಳಿಕೊಂಡಿರುತ್ತಾರೆ. ಅದರ ಜೊತೆ ಜಗಳಕ್ಕೆ ಹೋಗಬೇಡಿ. 'ಹರಕೆ ತೀರಿಸಿ ಬನ್ನಿ, ಕಿವಿ ಪರೀಕ್ಷೆಯೂ ಇದೇ ತಿಂಗಳು ಮಾಡಿಸೋಣ' ಅನ್ನಿ. ಜೊತೆಗೆ ಹೋಗುವ ಮಾತು ಕೇಳಿಸುತ್ತದೆ.

ಇನ್ನು ಕೋರ್ಸ್. ಇಲ್ಲಿ ನನ್ನ ಸ್ವಂತ ತಪ್ಪನ್ನೇ ಹೇಳುತ್ತೇನೆ. ನಿಮ್ಮ ವಯಸ್ಸಿನಲ್ಲಿ ನಾನು ಒಂದು ನಗರದ ಖಾಸಗಿ ಸಂಸ್ಥೆಗೆ ದುಡ್ಡು ಕಟ್ಟಿ ಒಂದು ವರ್ಷದ 'ವಿಶೇಷ ಶಿಕ್ಷಣ ಡಿಪ್ಲೊಮಾ' ಮಾಡಿದೆ. ಚೆಂದದ ಸರ್ಟಿಫಿಕೇಟ್ ಕೊಟ್ಟರು. ಕೆಲಸಕ್ಕೆ ಅರ್ಜಿ ಹಾಕಲು ಹೋದಾಗ ಮೇಜಿನ ಆಚೆ ಕೂತಿದ್ದವರು ಕೇಳಿದ ಮೊದಲ ಪ್ರಶ್ನೆ: 'ನಿಮ್ಮ ಸಿ.ಆರ್.ಆರ್. ನಂಬರ್ ಎಷ್ಟು?' ಅದೇನು ಅಂತಲೇ ನನಗೆ ಗೊತ್ತಿರಲಿಲ್ಲ. ಆ ಸಂಸ್ಥೆಗೆ ಮಾನ್ಯತೆಯೇ ಇರಲಿಲ್ಲ. ಅಪ್ಪ ಕರಿಮೆಣಸು ಮಾರಿ ಕಟ್ಟಿದ ದುಡ್ಡು ಅದು.

ನಮ್ಮ ದೇಶದಲ್ಲಿ ವಿಶೇಷ ಶಿಕ್ಷಕರಾಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಎಲ್ಲರೂ ಆರ್.ಸಿ.ಐ. ಅನ್ನುತ್ತಾರಲ್ಲ, ಅದು ಒಪ್ಪಿದ ಕೋರ್ಸನ್ನೇ ಮಾಡಬೇಕು. 1992ರ ಕಾಯ್ದೆಯ ಪ್ರಕಾರ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ನೋಂದಾಯಿಸದೆ ಈ ಕೆಲಸ ಮಾಡುವ ಹಾಗಿಲ್ಲ. ಆ ನೋಂದಣಿ ಸಂಖ್ಯೆಯೇ ಸಿ.ಆರ್.ಆರ್. ನಂಬರ್. ಸೇರುವ ಮೊದಲು ಪರಿಷತ್ತಿನ ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಮತ್ತು ನೀವು ಸೇರುವ ವರ್ಷಕ್ಕೆ ಮಾನ್ಯತೆ ಇದೆಯಾ ಅನ್ನುವ ಮೂರನ್ನೂ ನೋಡಿ. ಹೋದ ವರ್ಷ ಇದ್ದ ಮಾನ್ಯತೆ ಈ ವರ್ಷ ಇಲ್ಲದೆ ಹೋಗಬಹುದು. ಹೊಸ ಶಿಕ್ಷಣ ನೀತಿಗೆ ಹೊಂದಿಸಲು ಕೋರ್ಸುಗಳನ್ನೂ ಬದಲಿಸುತ್ತಿದ್ದಾರೆ. ಹಾಗಾಗಿ ಅಕ್ಕ ಮಾಡಿದ ಕೋರ್ಸ್ ಅಂತ ಕಣ್ಣುಮುಚ್ಚಿ ಸೇರಬೇಡಿ.

ದಾರಿಗಳು ಮುಖ್ಯವಾಗಿ ಮೂರು. ಪಿ.ಯು.ಸಿ. ಮೇಲೆ ಎರಡು ವರ್ಷದ ವಿಶೇಷ ಶಿಕ್ಷಣ ಡಿ.ಎಡ್. ಪದವಿ ಮೇಲೆ ಎರಡು ವರ್ಷದ ವಿಶೇಷ ಶಿಕ್ಷಣ ಬಿ.ಎಡ್. ಸಾಮಾನ್ಯವಾಗಿ ಎರಡಕ್ಕೂ ಶೇ 50 ಅಂಕ ಬೇಕು, ಮೀಸಲಾತಿಯವರಿಗೆ ರಿಯಾಯಿತಿ ಇದೆ. ಮೂರನೆಯದು ಶಾಲೆಗೆ ಮುಂಚಿನ ವಯಸ್ಸಿನ ಮಕ್ಕಳಿಗೆ ಅಂತಲೇ ಇರುವ ಒಂದು ವರ್ಷದ ಡಿಪ್ಲೊಮಾ, ಡಿ.ಇ.ಸಿ.ಎಸ್.ಇ. ಇದು ಕೆಲವೇ ಕಡೆ ಇದೆ. ಸೇರುವಾಗ ಯಾವ ವಿಭಾಗ ಅಂತಲೂ ಆರಿಸಬೇಕು. ಬೌದ್ಧಿಕ ಮತ್ತು ಬೆಳವಣಿಗೆಯ ತೊಂದರೆಗಳು ಒಂದು ವಿಭಾಗ, ಆಟಿಸಂ ಮತ್ತು ಕಲಿಕೆಯ ತೊಂದರೆಗಳು ಇದರಲ್ಲೇ ಬರುತ್ತವೆ. ಶ್ರವಣ ದೋಷ ಇನ್ನೊಂದು, ದೃಷ್ಟಿ ದೋಷ ಮತ್ತೊಂದು.

ನಿಮ್ಮ ಕೈಯಲ್ಲಿ ಬಿ.ಎ. ಇರುವುದರಿಂದ ಎಲ್ಲರೂ ಬಿ.ಎಡ್. ಮಾಡಿ ಅನ್ನುತ್ತಾರೆ. ಹೆಸರು ದೊಡ್ಡದು, ಮುಂದೆ ಹೈಸ್ಕೂಲಿನವರೆಗೂ ಬಾಗಿಲು ತೆರೆಯುತ್ತದೆ. ಆದರೆ ಆ ಬಿ.ಎಡ್. ಇರುವುದೇ ದೊಡ್ಡ ತರಗತಿಯ ಮಕ್ಕಳಿಗಾಗಿ. ನಿಮ್ಮ ಮನಸ್ಸಿರುವುದು ಮೂರು ನಾಲ್ಕು ವರ್ಷದವರ ಹತ್ತಿರ. ನಾನಾದರೆ ಬೌದ್ಧಿಕ ಮತ್ತು ಬೆಳವಣಿಗೆ ವಿಭಾಗದಲ್ಲಿ ಡಿ.ಎಡ್. ಮಾಡಿ ಎನ್ನುತ್ತೇನೆ. ಕೊಡಗಿನಲ್ಲಿ ನಿಮ್ಮ ಹತ್ತಿರ ಬರುವ ಮಕ್ಕಳಲ್ಲಿ ಜಾಸ್ತಿ ಜನ ಈ ಗುಂಪಿನವರೇ. ಪದವಿ ಎಲ್ಲೂ ಹೋಗುವುದಿಲ್ಲ, ಬಿ.ಎಡ್. ಆಮೇಲೂ ಮಾಡಬಹುದು. ಕಿವಿ ಕೇಳದ ಮಕ್ಕಳ ಕಡೆ ಒಲವಿದ್ದರೆ ಮಾತ್ರ ಮಾತು ಬೇರೆ. ಆಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಿಂತ ಒಳ್ಳೆಯ ಜಾಗ ನಿಮಗೆ ಸಿಗುವುದಿಲ್ಲ. ಮಡಿಕೇರಿಯಿಂದ 120 ಕಿಲೋಮೀಟರ್ ಆಸುಪಾಸು. 1960ರ ದಶಕದಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿನ ಪ್ರೀಸ್ಕೂಲಿನಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ಕೋರ್ಸ್ ಮಾಡದಿದ್ದರೂ ಅನುಮತಿ ಕೇಳಿ ಒಂದು ದಿನ ಅದನ್ನು ನೋಡಿ ಬನ್ನಿ.

ಕೊಡಗಿನಲ್ಲಿ ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತದೆ, ಆದರೆ ಹುಡುಕಬೇಕು. ಆರು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಒಂದು ತೊಡಕಿದೆ, ಅದನ್ನು ಅರ್ಥ ಮಾಡಿಕೊಂಡರೆ ಎಲ್ಲಿ ಹುಡುಕಬೇಕು ಅನ್ನುವುದು ತಿಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇ 40 ಅಥವಾ ಅದಕ್ಕಿಂತ ಜಾಸ್ತಿ ತೊಂದರೆ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆದರೆ ಕಲಿಸಿದರೆ ಬೇಗ ಹಿಡಿಯುವ ವಯಸ್ಸು ಆರಕ್ಕಿಂತ ಮುಂಚಿನದು. ಆ ವಯಸ್ಸಿನ ಮಕ್ಕಳು ಮೂರು ಇಲಾಖೆಗಳ ನಡುವೆ ಹಂಚಿಹೋಗಿದ್ದಾರೆ. ಆರೋಗ್ಯ ಇಲಾಖೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಹೋಗಿ ಮಕ್ಕಳನ್ನು ನೋಡಬೇಕು. ತೊಂದರೆ ಕಂಡ ಮಗುವನ್ನು ಜಿಲ್ಲಾ ಮಟ್ಟದ ಡಿ.ಇ.ಐ.ಸಿ.ಗೆ, ಅಂದರೆ ಮಕ್ಕಳ ತೊಂದರೆಗೆ ಬೇಗ ಚಿಕಿತ್ಸೆ, ತರಬೇತಿ ಶುರು ಮಾಡುವ ಕೇಂದ್ರಕ್ಕೆ ಕಳಿಸಬೇಕು. ಆ ಕೇಂದ್ರದ ಸಿಬ್ಬಂದಿ ಪಟ್ಟಿಯಲ್ಲಿ ವಿಶೇಷ ಶಿಕ್ಷಕರ ಹುದ್ದೆಯೂ ಇದೆ. ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಂಗನವಾಡಿಗಳಲ್ಲಿ ಇಂಥ ಮಕ್ಕಳನ್ನು ಹೇಗೆ ಗುರುತಿಸಿ ಸೇರಿಸಿಕೊಳ್ಳಬೇಕು ಅನ್ನುವ ಕ್ರಮವನ್ನು ಕೇಂದ್ರ ಸರ್ಕಾರ 2023ರಲ್ಲಿ ಹೊರತಂದಿದೆ. ಶಿಕ್ಷಣ ಇಲಾಖೆಯಲ್ಲಿ ಸಮಗ್ರ ಶಿಕ್ಷಣ ಯೋಜನೆಯ ಅಡಿ ತಾಲ್ಲೂಕು ಮಟ್ಟಕ್ಕೆ ಬಿ.ಐ.ಇ.ಆರ್.ಟಿ.ಗಳು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು ಇದ್ದಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಇದೆ, ಆದರೆ ಅದು ಶಾಲೆಯ ವಯಸ್ಸಿನ ಮಕ್ಕಳಿಗೆ.

ಸರ್ಕಾರದ ಹೊರಗೆ ಸುಂಟಿಕೊಪ್ಪದಲ್ಲಿ 'ಸ್ವಸ್ಥ' ಅನ್ನುವ ವಿಶೇಷ ಶಾಲೆ ಇದೆ, ಪಾಲಿಬೆಟ್ಟದಲ್ಲಿ ಚೆಷೈರ್ ಹೋಮ್‌ನ ವಿಶೇಷ ಶಾಲೆ ಇದೆ. ಎರಡೂ ನಮ್ಮ ಜಿಲ್ಲೆಯಲ್ಲಿ ಹೆಸರು ಗಳಿಸಿದವು. ಸಿ.ಬಿ.ಎಸ್.ಇ. ಶಾಲೆಗಳು ವಿಶೇಷ ಶಿಕ್ಷಕರನ್ನು ಇಟ್ಟುಕೊಳ್ಳಬೇಕು ಅನ್ನುವುದು ಆ ಮಂಡಳಿಯ ನಿಯಮದಲ್ಲೇ ಇದೆ. ಹಾಗಾಗಿ ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಕಡೆಯ ಶಾಲೆಗಳನ್ನೂ ವಿಚಾರಿಸಿ.

ಅಮ್ಮನ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಇವತ್ತು ಈ ಕೆಲಸಗಳಲ್ಲಿ ಜಾಸ್ತಿ ಪಾಲು ಗುತ್ತಿಗೆ ಅಥವಾ ಗೌರವಧನದ ಮೇಲೆ ನಡೆಯುತ್ತವೆ. ಸಂಬಳ ಕಡಿಮೆ, ಕೆಲವೊಮ್ಮೆ ತಡವಾಗಿ ಬರುತ್ತದೆ. ಒಂದು ವರ್ಷ ನನಗೆ ನಾಲ್ಕು ತಿಂಗಳು ಸಂಬಳ ಬಂದಿರಲಿಲ್ಲ. ಕಾಫಿ ಕುಯ್ಯುವ ಕಾಲದಲ್ಲಿ ಅಣ್ಣನ ತೋಟದ ಲೆಕ್ಕ ಬರೆದು ಬಸ್ ಚಾರ್ಜ್ ಹೊಂದಿಸಿದ್ದೆ. ನೀವೊಬ್ಬರೇ ಮನೆ ನಡೆಸಬೇಕಾದ ಸ್ಥಿತಿ ಇದ್ದರೆ ಮೊದಲ ಎರಡು ಮೂರು ವರ್ಷಕ್ಕೆ ಬೇರೆ ಆಸರೆ ನೋಡಿಕೊಂಡೇ ಇಳಿಯಿರಿ.

ಆದರೆ ಅಮ್ಮನಿಗೆ ಇದನ್ನೂ ಹೇಳಿ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು ಅಂತ. 2025ರ ಮಾರ್ಚ್‌ನಲ್ಲಿ ಅದೇ ಪ್ರಕರಣದಲ್ಲಿ ಮತ್ತೆ ರಾಜ್ಯಗಳಿಗೆ ಹುದ್ದೆಗಳನ್ನು ಗುರುತಿಸಿ ತುಂಬಿ ಅಂತ ಹೇಳಿದೆ. ಸಿ.ಆರ್.ಆರ್. ನಂಬರ್ ಇರುವವರಿಗೆ ಮಾತ್ರ ಆ ಸಾಲಿನಲ್ಲಿ ನಿಲ್ಲಲು ಆಗುತ್ತದೆ. 'ಪುಣ್ಯದ ಕೆಲಸ' ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಪುಣ್ಯ ಅಂದ ಕೂಡಲೇ ಸಂಬಳ ಕೇಳಬಾರದು, ರಜೆ ಕೇಳಬಾರದು ಅಂತ ಆಗಿಬಿಡುತ್ತದೆ. ಎರಡು ವರ್ಷ ಓದಿ, ಆಮೇಲೂ ಓದುತ್ತಲೇ ಇರಬೇಕಾದ ವೃತ್ತಿ ಇದು. ನರ್ಸ್ ಕೆಲಸದ ಹಾಗೆ, ಇಂಜಿನಿಯರ್ ಕೆಲಸದ ಹಾಗೆ. ಸಂಬಳ ಕೇಳಿ ಪಡೆಯಿರಿ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಯಾವುದಾದರೂ ವಿಶೇಷ ಶಾಲೆಯಲ್ಲಿ ಕೇಳಿಕೊಂಡು ಎರಡು ವಾರ ಸುಮ್ನೆ ಹೋಗಿ ಕೂತು ಬನ್ನಿ. ಊಟ ಮಾಡಿಸುವ ಹೊತ್ತಿನಲ್ಲಿ ಇರಿ, ಟಾಯ್ಲೆಟ್‌ಗೆ ಕರೆದುಕೊಂಡು ಹೋಗುವಾಗ ಇರಿ. ಜೊಲ್ಲು ಒರೆಸಬೇಕಾಗುತ್ತದೆ, ಒಂದೊಂದು ದಿನ ಮಗು ಕಚ್ಚುತ್ತದೆ. ಹತ್ತು ದಿನ ಹೇಳಿಕೊಟ್ಟದ್ದನ್ನು ಹನ್ನೊಂದನೇ ದಿನ ಮರೆತು ಕೂತಿರುತ್ತದೆ. ಆಗ ನಿಮಗೆ ಬರುವುದು ಬೇಸರವಾ, ಇಲ್ಲಾ 'ನಾಳೆ ಬೇರೆ ಥರ ಮಾಡಿ ನೋಡೋಣ' ಅನ್ನುವ ಯೋಚನೆಯಾ ಅಂತ ಗಮನಿಸಿ. ಬೇಸರ ಬಂದರೆ ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಎರಡು ವರ್ಷ, ಫೀಸು ಉಳಿಯಿತು ಅಂದುಕೊಳ್ಳಿ.

ಈಗ ಆ ಹುಡುಗ. ಅವನಿಗೆ ಮೂರೂವರೆ ವರ್ಷ. ಮಕ್ಕಳು ಒಂದು ವರ್ಷದೊಳಗೆ ತಮ್ಮ ಹೆಸರಿಗೆ ತಿರುಗಬೇಕು. ಒಂದು ವರ್ಷದ ಹೊತ್ತಿಗೆ, ಹೆಚ್ಚೆಂದರೆ ಒಂದೂವರೆ ವರ್ಷಕ್ಕೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸಬೇಕು. ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಹೇಳಬೇಕು. 'ಅವನ ಅಪ್ಪನೂ ಮಾತಾಡಿದ್ದು ಲೇಟು' ಅಂತ ಮನೆಯಲ್ಲಿ ಹೇಳಿಯೇ ಹೇಳುತ್ತಾರೆ. ಇರಬಹುದು. ಆದರೆ ಕಾಯುವ ಸಮಯ ಮುಗಿದಿದೆ.

ತಾಯಿಯ ಹತ್ತಿರ 'ಆಟಿಸಂ' ಅನ್ನುವ ಪದ ಎತ್ತಬೇಡಿ. ಅದನ್ನು ನಿರ್ಧರಿಸುವುದು ನಿಮ್ಮ ಕೆಲಸವೂ ಅಲ್ಲ, ನನ್ನ ಕೆಲಸವೂ ಅಲ್ಲ. ನೋಡಿದ್ದನ್ನು ಮಾತ್ರ ಹೇಳಿ. 'ಈ ವಾರ ಹತ್ತು ಸಲ ಕರೆದೆ, ಒಂದು ಸಲವೂ ತಿರುಗಲಿಲ್ಲ. ಮನೆಯಲ್ಲೂ ಹೀಗೇನಾ?' ಅಂತ ಕೇಳಿ. ಹಾಗೆ ಕೇಳಿದರೆ ತಾಯಿಯೇ ಹೇಳತೊಡಗುತ್ತಾಳೆ. ಅವಳಿಗೆ ಬಹಳ ದಿನದಿಂದ ಅನುಮಾನ ಇದ್ದೇ ಇರುತ್ತದೆ, ಕೇಳುವವರು ಇರುವುದಿಲ್ಲ. ಹಿಂದಿನಿಂದ ಬಿಸ್ಕತ್ತಿನ ಪೊಟ್ಟಣ ಸದ್ದು ಮಾಡಿದರೆ ತಿರುಗುತ್ತಾನಾ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಾನಾ ಅಂತ ಬರೆದಿಡಿ. ತಾಯಿಯ ಒಪ್ಪಿಗೆ ಪಡೆದು ಫೋನಿನಲ್ಲಿ ಎರಡು ನಿಮಿಷದ ವಿಡಿಯೋ ಮಾಡಿ, ತಾಯಿಯ ಫೋನಿನಲ್ಲೇ. ಡಾಕ್ಟರ ಕೋಣೆಯಲ್ಲಿ ಮಗು ಬೇರೆಯೇ ಥರ ಇರುತ್ತದೆ.

ಮೊದಲ ಪರೀಕ್ಷೆ ಕಿವಿಯದ್ದು. ಬೇರೆ ಏನೇ ಅನುಮಾನ ಇದ್ದರೂ ಇದೇ ಮೊದಲು. ಹೆಸರಿಗೆ ತಿರುಗದ ಮಗುವಿಗೆ ಕಿವಿ ಕೇಳಿಸದೇ ಇರಬಹುದು. ಬಿಸ್ಕತ್ತಿನ ಸದ್ದಿಗೆ ತಿರುಗಿದರೂ ಮಾತಿನ ಎಲ್ಲಾ ಶಬ್ದ ಕೇಳಿಸುತ್ತದೆ ಅಂತ ಅರ್ಥವಲ್ಲ. ಮಡಿಕೇರಿ ಜಿಲ್ಲಾಸ್ಪತ್ರೆಗೆ ಹೋಗಿ ಕಿವಿಯ ವಿಭಾಗ ಮತ್ತು ಮಕ್ಕಳ ವಿಭಾಗ ಎರಡನ್ನೂ ಕೇಳಲಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದರೆ ಕಿವಿ, ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ. ದುಡ್ಡಿನ ಚಿಂತೆ ಬಂದರೆ ಹೇಳಿ: ಕಿವಿ ಕೇಳದ ಆರು ವರ್ಷದೊಳಗಿನ ಮಕ್ಕಳಿಗೆ ರಾಜ್ಯ ಸರ್ಕಾರದ 'ಶ್ರವಣ ಸಂಜೀವಿನಿ' ಯೋಜನೆ ಇದೆ. ಆಟಿಸಂ, ಬೌದ್ಧಿಕ ತೊಂದರೆ, ಸೆರೆಬ್ರಲ್ ಪಾಲ್ಸಿ ಅಂತ ಗೊತ್ತಾದರೆ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯು., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಯಾರು ಅಂತ ವಿಚಾರಿಸಿ. ಕಾಗದಪತ್ರದ ಕೆಲಸಕ್ಕೆ ಅವರೇ ಜೊತೆ.

ಪರೀಕ್ಷೆಯ ದಿನ ಬರುವವರೆಗೆ ನೀವು ಸುಮ್ಮನೆ ಇರಬೇಕಾಗಿಲ್ಲ. ಮುಚ್ಚಳ ಕಿತ್ತುಕೊಳ್ಳಬೇಡಿ. ಇನ್ನೊಂದು ಮುಚ್ಚಳ ತನ್ನಿ. ಅವನ ಪಕ್ಕ ಬೇಡ, ಎದುರು ಕೂತು ನೀವೂ ತಿರುಗಿಸಿ. ಎರಡು ಮೂರು ದಿನ ಅಷ್ಟೇ. ಆಮೇಲೆ ನಿಮ್ಮ ಮುಚ್ಚಳವನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ತಿರುಗಿಸದೆ ಕಾಯಿರಿ. ಮನಸ್ಸಿನಲ್ಲೇ ಐದು ಎಣಿಸಿ. ಒಂದು ಕ್ಷಣ ಅವನು ನಿಮ್ಮ ಮುಖ ನೋಡಿದ ಅಂದರೆ, ಅಥವಾ ಕೈ ಚಾಚಿದ ಅಂದರೆ, ಆ ಕ್ಷಣವೇ ಮನೆಯವರ ಭಾಷೆಯಲ್ಲಿ 'ತಿರುಗು' ಅಂತ ಒಂದೇ ಪದ ಹೇಳಿ ತಿರುಗಿಸಿಬಿಡಿ. ನೋಡದಿದ್ದರೂ ತಿರುಗಿಸಿ, ಮತ್ತೆ ಮಾಡಿ. ದಿನಕ್ಕೆ ಐದೈದು ನಿಮಿಷ ಎರಡು ಸಲ ಸಾಕು. ತಾಯಿಗೂ ತೋರಿಸಿಕೊಡಿ. ಮುಚ್ಚಳ ಚಿಕ್ಕದಿದ್ದು ಬಾಯಿಗೆ ಹಾಕುವ ಅಭ್ಯಾಸ ಇದ್ದರೆ ಅಗಲವಾದ ಡಬ್ಬಿಯ ಮುಚ್ಚಳ ಬಳಸಿ.

ಮೈಸೂರಿಗೆ ಹೋಗುವುದಾದರೆ ಒಂದು ಮಾತು. ಕಿವಿಯ ಪರೀಕ್ಷೆಗಳಲ್ಲಿ ಬೇರಾ ಅನ್ನುವುದೊಂದಿದೆ. ತಲೆಗೆ ಚಿಕ್ಕ ಚಿಕ್ಕ ತಂತಿ ಅಂಟಿಸಿ, ಮಗು ನಿದ್ದೆಯಲ್ಲಿರುವಾಗ ಮಾಡುತ್ತಾರೆ. ನಾಪೋಕ್ಲಿನಿಂದ ಬೆಳಗಿನ ಬಸ್ಸು ಹಿಡಿದ ಮಕ್ಕಳು ದಾರಿಯುದ್ದಕ್ಕೂ ಮಲಗಿ, ಪರೀಕ್ಷೆಯ ಹೊತ್ತಿಗೆ ಕಣ್ಣರಳಿಸಿ ಕೂರುತ್ತಾರೆ. ಪರೀಕ್ಷೆ ಆಗದೆ ವಾಪಸ್ ಬಂದ ತಾಯಂದಿರನ್ನು ನಾನು ನೋಡಿದ್ದೇನೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸಲು ಹೇಳಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ ಎಚ್ಚರ ಇರಿಸಲಿ. ನಿಮಗೆ ರಜೆ ಸಿಕ್ಕರೆ ನೀವೂ ಜೊತೆಗೆ ಹೋಗಿ, ಅವನ ಮುಚ್ಚಳವನ್ನು ಮರೆಯದೆ ಚೀಲದಲ್ಲಿ ಹಾಕಿಕೊಳ್ಳಿ.